ಎಂಟಕ್ಕೆ ನಿಂತ ಎಣಿಕೆ

ವೃತ್ತಿಪರ ಬಾಕ್ಸಿಂಗ್ ಮಂಡಳಿಯ ಕಚೇರಿ ವೇಳೆ ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ಐದೂವರೆಯವರೆಗೆ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ‘ಸುತ್ತಿಗೆ’ ಎಂದು ಹೆಸರಾದ ಬಾಕ್ಸರನಿಗೂ ಗೊತ್ತಿತ್ತು. ಆದರೆ ಹದಿನಾಲ್ಕು ವರ್ಷ ಕಾದ ಮೇಲೆ ಸಿಕ್ಕಿದ ಚಾಂಪಿಯನ್ ಪಟ್ಟದ ಪಂದ್ಯ ಅದು. ಹಾಲಿ ಚಾಂಪಿಯನ್ ‘ಬಂಡೆ’ಯ ದವಡೆಗೆ ಬಾರಿಸುವ ಉತ್ಸಾಹದಲ್ಲಿ ಅವನು ಗಡಿಯಾರ ನೋಡುವುದನ್ನೇ ಮರೆತ.

ಬಂಡೆ ದೊಪ್ಪನೆ ಬಿದ್ದಾಗ ಐದೂವರೆಗೆ ಎಂಟು ಸೆಕೆಂಡು ಬಾಕಿ ಇತ್ತು. ಹತ್ತು ಎಣಿಸುವಷ್ಟರಲ್ಲಿ ಏಳದವನು ಸೋತಂತೆ. ರೆಫರಿ ಒಂದರಿಂದ ಎಂಟರವರೆಗೆ ಚೊಕ್ಕವಾಗಿ ಎಣಿಸಿ, ಕನ್ನಡಕ ತೆಗೆದು ಡಬ್ಬಿಗೆ ಹಾಕಿಕೊಂಡ.

“ಸಾರ್, ಇನ್ನು ಎರಡೇ ಎರಡು!” ಎಂದು ಸುತ್ತಿಗೆ ಅಂಗಲಾಚಿದ.

“ಎರಡಾದರೇನು, ಇಪ್ಪತ್ತಾದರೇನು? ವೇಳೆ ಮೀರಿ ಎಣಿಸಿದ್ರೆ ನಾಳೆ ವಿವರಣೆ ಕೊಡೋನು ನಾನು. ಬೆಳಿಗ್ಗೆ ಬನ್ನಿ, ನೋಡೋಣ.”

ಬೆಳಿಗ್ಗೆ ಬಂದರೆ ರೆಫರಿಗೆ ಈಜು ಮಂಡಳಿಗೆ ವರ್ಗವಾಗಿತ್ತು. ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ಅವನು ‘ಗಂಟೆ ಒಂದು, ಸ್ಟೂಲು ಎರಡು, ಮುಗಿಸಿದ ಎಣಿಕೆ ಎಂಟು’ ಎಂದು ಬರೆದು ಸಹಿ ಹಾಕಿ ಹೋಗಿದ್ದ. ಹೊಸ ರೆಫರಿ ಬರುವ ತನಕ ಏನು ಮಾಡಬೇಕೆಂದು ಮಂಡಳಿ ಸುತ್ತೋಲೆ ಹೊರಡಿಸಿತು:

‘ಎಣಿಕೆ ಬಾಕಿ ಇರುವ ಅವಧಿಯಲ್ಲಿ ಬಿದ್ದವರು ಬಿದ್ದ ಭಂಗಿಯಲ್ಲಿಯೂ, ಬೀಳಿಸಿದವರು ನಿಗದಿತ ಮೂಲೆಯಲ್ಲಿಯೂ ಕಚೇರಿ ವೇಳೆಯಲ್ಲಿ ಹಾಜರಿರತಕ್ಕದ್ದು. ಬೀಳಿಸಿದವರು ಮೂಲೆ ಬಿಟ್ಟಲ್ಲಿ ಎಣಿಕೆ ತಾನಾಗಿಯೇ ನಿಲ್ಲತಕ್ಕದ್ದು. ಊಟದ ವಿರಾಮಕ್ಕೆ ಅಡ್ಡಿಯಿಲ್ಲ.’

ಬಂಡೆ ಬಿದ್ದ ಜಾಗದ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯಲಾಯಿತು. ದಿನಾ ಬೆಳಿಗ್ಗೆ ಬಂಡೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಚಪ್ಪಲಿ ಬಿಟ್ಟು, ಗೆರೆಯೊಳಗೆ ಬಿದ್ದುಕೊಳ್ಳುತ್ತಿದ್ದ. “ಎಡಗೈ ಇನ್ನೊಂದು ಬೆರಳು ಆಚೆ ಸಾರ್,” ಎಂದು ಜವಾನ ಸರಿಪಡಿಸುತ್ತಿದ್ದ. ಸುತ್ತಿಗೆ ಮೂಲೆಯಲ್ಲಿ ನಿಂತು ಇಬ್ಬರನ್ನೂ ದುರುಗುಟ್ಟಿಕೊಂಡು ನೋಡುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಎರಡು ಅಂಕೆ. ಅಷ್ಟು ಕೇಳಿಸಿಕೊಂಡರೆ ಜನ್ಮ ಸಾರ್ಥಕವೆಂದು ಅವನು ಮನಸಾರೆ ನಂಬಿದ್ದ.

ಮೊದಲ ವಾರ ಇಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲ. ಎರಡನೇ ವಾರ ಬಂಡೆ, “ಅಲ್ರೀ, ಫ್ಯಾನಿನ ಗಾಳಿ ಪೂರ್ತಿ ನಿಮ್ಮ ಮೂಲೆಗೇ ಬರುತ್ತಲ್ಲ,” ಎಂದ. ಅಲ್ಲಿಂದ ಮಾತು ಬೆಳೆಯಿತು. ಸುತ್ತಿಗೆಯ ಊಟದ ಡಬ್ಬಿಯನ್ನು ಅವನ ತಂಗಿ ತರುತ್ತಿದ್ದಳು, ಬಂಡೆಯದನ್ನು ಅವನ ತಮ್ಮ. ಐದು ತಿಂಗಳಲ್ಲಿ ಡಬ್ಬಿಗಳು ಅದಲುಬದಲಾದವು. ಆರನೇ ತಿಂಗಳಲ್ಲಿ ಆ ತಂಗಿಗೂ ಈ ತಮ್ಮನಿಗೂ ಮದುವೆ ಆಯಿತು. ಮದುವೆಗೆಂದು ಮಂಡಳಿ ಬಂಡೆಗೆ ಒಂದು ದಿನ ಎದ್ದಿರಲು ವಿಶೇಷ ಅನುಮತಿ ನೀಡಿತು.

ಏಳನೇ ತಿಂಗಳಲ್ಲಿ ಹೊಸ ರೆಫರಿ ಬಂದ. ಬಾಕಿ ಎಣಿಕೆಯ ಸುದ್ದಿ ತಿಳಿದು ಸಭಾಂಗಣ ಭರ್ತಿಯಾಯಿತು. ಮುಂದಿನ ಸಾಲಿನಲ್ಲಿ ಸುತ್ತಿಗೆಯ ಅಮ್ಮ ಕೂತಿದ್ದಳು.

“ಲೋ, ಬೀಗರನ್ನ ಕೆಡವಿ ಚಾಂಪಿಯನ್ ಬೆಲ್ಟು ಕಟ್ಕೊಂಡ್ರೆ ನಿನ್ನ ತಂಗಿ ಆ ಮನೇಲಿ ಯಾವ ಮುಖ ಇಟ್ಕೊಂಡು ಓಡಾಡ್ತಾಳೋ?”

“ಬೀಗರೇ, ಎದ್ದುಬಿಡಿ,” ಎಂದು ಸುತ್ತಿಗೆ ಮೂಲೆಯಿಂದಲೇ ಪಿಸುಗುಟ್ಟಿದ.

“ಎದ್ರೆ ಮತ್ತೆ ನಿಮಗೆ ಹೊಡೀಬೇಕಾಗುತ್ತಲ್ಲ ಬೀಗರೇ. ಹೆಣ್ಣು ಕೊಟ್ಟವರ ಮೇಲೆ ಕೈ ಎತ್ತೋದಾ? ನೀವೇ ಗೆದ್ಕೊಳ್ಳಿ, ನಾನು ಬೇಜಾರು ಮಾಡ್ಕೊಳ್ಳಲ್ಲ,” ಎಂದ ಬಂಡೆ. ಆದರೆ ಅವನ ದನಿ ನಡುಗುತ್ತಿತ್ತು.

“ಒಂಬತ್ತು!” ಎಂದ ರೆಫರಿ.

ಹದಿನಾಲ್ಕು ವರ್ಷದ ಆಸೆ ಒಂದು ಕಡೆ, ತಂಗಿಯ ನಗುಮುಖ ಇನ್ನೊಂದು ಕಡೆ. ಸುತ್ತಿಗೆ ಕಣ್ಣು ಮುಚ್ಚಿ ಬಲಗಾಲನ್ನು ಮೂಲೆಯಿಂದ ಆಚೆ ಇಟ್ಟ.

ಎಣಿಕೆ ನಿಂತಿತು. ರೆಫರಿ ಪಟ್ಟಿ ತಿದ್ದಿ, ‘ಮುಗಿಸಿದ ಎಣಿಕೆ ಒಂಬತ್ತು, ಕಾರಣ ಕೌಟುಂಬಿಕ’ ಎಂದು ಬರೆದುಕೊಂಡ. ಸುತ್ತಿಗೆ ಮೂಲೆಗೆ ಮರಳಿ ಮುಖ ಮುಚ್ಚಿಕೊಂಡು ಅತ್ತ.

ಇಂಥ ಸೌಹಾರ್ದವನ್ನು ಕಂಡು ಮಂಡಳಿಯ ಅಧ್ಯಕ್ಷರ ಹೃದಯ ತುಂಬಿ ಬಂತು. ಇಬ್ಬರಿಗೂ ಹಾರ ಹಾಕಲು ಅವರೇ ರಿಂಗಿಗೆ ಹತ್ತಿದರು. ಬಂಡೆ ಏಳುವಂತಿರಲಿಲ್ಲ, ಅಧ್ಯಕ್ಷರಿಗೆ ಹೊಟ್ಟೆಯ ದೆಸೆಯಿಂದ ಬಗ್ಗಲಾಗುತ್ತಿರಲಿಲ್ಲ. ಕೊನೆಗೆ ಅವರು ಅವನ ಪಕ್ಕದಲ್ಲೇ ಮಲಗಿ ಹಾರ ಹಾಕಿದರು. ಫೋಟೋ ತೆಗೆದದ್ದಾಯಿತು. ಅಧ್ಯಕ್ಷರು ಏಳಲು ಮೊಣಕೈ ಊರುತ್ತಿದ್ದಂತೆ ರೆಫರಿ ಅಡ್ಡ ಬಂದ.

“ಕ್ಷಮಿಸಿ ಸಾರ್. ಒಬ್ಬ ಬಾಕ್ಸರ್ ಮೂಲೇಲಿ ನಿಂತಿರುವಾಗ ರಿಂಗಿನಲ್ಲಿ ಮಲಗಿದವರು ಬಿದ್ದವರೇ. ಎಣಿಸದೆ ಬಿಡೋ ಹಾಗಿಲ್ಲ. ಹತ್ತಾದ್ರೆ ಪಟ್ಟ ಮೂಲೇಲಿ ನಿಂತವರದ್ದು.”

“ಯಾರು ಮಾಡಿದ ನಿಯಮ ಅದು?”

“ತಾವೇ ಸಾರ್. ತಮ್ಮದೇ ಸಹಿ ಇದೆ.”

ಅಧ್ಯಕ್ಷರು ನಿಯಮದ ಪ್ರತಿ ತರಿಸಿ ಸಹಿ ನೋಡಿದರು. ತಮ್ಮದೇ. ನಿಯಮಕ್ಕೆ ತಾವೇ ಗೌರವ ಕೊಡದಿದ್ದರೆ ಇನ್ಯಾರು ಕೊಡುತ್ತಾರೆ ಎಂದು ತಲೆ ಕೆಳಗಿಟ್ಟು, “ಎಣಿಸಿ,” ಎಂದರು. ಗಡಿಯಾರದಲ್ಲಿ ನಾಲ್ಕು ಗಂಟೆ. ರೆಫರಿ ಒಂದರಿಂದ ಶುರು ಮಾಡಿದ. ಅಮ್ಮ ಎದ್ದು ನಿಂತಳು. ಎಂಟಕ್ಕೆ ಸಭೆ ಉಸಿರು ಬಿಗಿಹಿಡಿಯಿತು. ಒಂಬತ್ತಕ್ಕೆ ಸುತ್ತಿಗೆ ತನ್ನೆರಡು ಕಾಲನ್ನೂ ಕೈಯಿಂದ ಹಿಡಿದುಕೊಂಡ.

“ಹತ್ತು!”

ಬಂಡೆ ಬಿದ್ದಲ್ಲಿಂದಲೇ ಜೋರಾಗಿ ಚಪ್ಪಾಳೆ ತಟ್ಟಿದ. ಸುತ್ತಿಗೆ ಅಂದಿನಿಂದ ಚಾಂಪಿಯನ್. ನಿಯಮದ ಪ್ರಕಾರ ಬೆಲ್ಟನ್ನು ಅಧ್ಯಕ್ಷರೇ ಕಟ್ಟಬೇಕು. ಅವರು ಮಲಗಿದಲ್ಲೇ ಕೈ ಚಾಚಿ, “ಸ್ವಲ್ಪ ಬಗ್ಗಪ್ಪಾ,” ಎಂದರು.