ನನ್ನನ್ನು ಕೇಳದೆ ಎಗರುವ ಕಾಲು

ಕೆಲವರಿಗೆ ಮೇಲಧಿಕಾರಿಯ ಭಯ, ಕೆಲವರಿಗೆ ಬೀದಿನಾಯಿಯ ಭಯ. ನನಗೆ ನನ್ನ ಕಾಲುಗಳದೇ ಭಯ. ಬೈಕಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಮೇಲೆ ಸೊಂಟದ ಕೆಳಗೆ ನನಗೆ ಸ್ಪರ್ಶವೂ ಇಲ್ಲ, ಹತೋಟಿಯೂ ಇಲ್ಲ. ಏಳಿ ಎಂದರೆ ಏಳದ ಈ ಮಹಾನುಭಾವರು ತಮಗೆ ತೋಚಿದಾಗ ಸೆಟೆದು, ನಡುಗಿ, ಗಾಲಿಕುರ್ಚಿಯನ್ನು ದಡದಡ ಬಡಿಯುತ್ತಾರೆ. ಒಮ್ಮೆ ಮನೆಯಿಂದಲೇ ವೈಟ್‌ಫೀಲ್ಡ್ ಆಫೀಸಿನ ವಿಡಿಯೋ ಮೀಟಿಂಗಿನಲ್ಲಿದ್ದಾಗ ಮೊಣಕಾಲು ಮೇಜಿಗೆ ಗುದ್ದಿ ಲ್ಯಾಪ್‌ಟಾಪೇ ಕುಣಿಯಿತು. "ಏನ್ರೀ, ನಿಮ್ ಕಡೆ ಭೂಕಂಪನಾ?" ಎಂದರು ಮ್ಯಾನೇಜರು. "ಇಲ್ಲ ಸಾರ್, ಕೆಳಗಡೆಯವ್ರಿಗೆ ನಿಮ್ ಪ್ಲಾನ್ ಒಪ್ಪಿಗೆ ಆಗಿಲ್ಲ" ಎಂದೆ. ಎಲ್ಲರೂ ನಕ್ಕರು.

ಎಗರುವುದಕ್ಕೆ ನಾನು ಹೆದರುವುದಿಲ್ಲ. ಜಾಸ್ತಿ ಎಗರಿದರೆ ಮಾತ್ರ ಜೀವ ಬಾಯಿಗೆ ಬರುತ್ತದೆ. "ಕೆಳಗೆ ಏನಾದ್ರೂ ಚುಚ್ಚಿದ್ರೆ ನಿಮಗೆ ಗೊತ್ತಾಗಲ್ಲ, ಕಾಲಿಗೆ ಗೊತ್ತಾಗುತ್ತೆ. ಅದು ರೇಗಿದ್ರೆ ತಕ್ಷಣ ಹುಡುಕಿ" ಎಂದು ಡಾಕ್ಟರು ಹೇಳಿದ್ದರು. ಹಿಂದೆ ಶೂ ಒಳಗೆ ಸೇರಿಕೊಂಡ ಪುಟ್ಟ ಕಲ್ಲೊಂದು ಹಿಮ್ಮಡಿಯನ್ನೇ ಕೊರೆದು ತಿಂಗಳುಗಟ್ಟಲೆ ಮಲಗಿಸಿತ್ತು. ಇನ್ನೊಮ್ಮೆ ಹಾಗಾದರೆ ಪಾದ ಉಳಿಸುವುದು ಕಷ್ಟವಂತೆ. ಕೆಲಸಕ್ಕೆ ಬಾರದ ಪಾದ ತಾನೇ ಎನ್ನಬೇಡಿ, ನನ್ನದು ಸ್ವಾಮಿ, ನನಗೆ ಬೇಕು.

ಮೊನ್ನೆ ಅಮಾವಾಸ್ಯೆಯ ದಿನ ಊಟವಾಗಿ ಕುರ್ಚಿಯಲ್ಲೇ ತೂಕಡಿಸಿದ್ದೆ. ಎಚ್ಚರವಾದಾಗ ಎಡಗಾಲು ಹುಚ್ಚೆದ್ದು ಒದೆಯುತ್ತಿತ್ತು. ಮೂತ್ರದ ಕೊಳವೆ ಮಡಚಿದೆಯೇ ಎಂದು ನೋಡಿದೆ, ಇಲ್ಲ. ಕೂರುವ ದಿಂಬಿನ ಮೇಲೆ ಕೈಯಾಡಿಸಿದೆ, ಚಕ್ಕುಲಿ ಚೂರು ಬಿಟ್ಟರೆ ಏನೂ ಇಲ್ಲ. ಪಾದ ನೋಡೋಣವೆಂದು ಬಗ್ಗಿದರೆ ಅದರ ಒದೆತಕ್ಕೆ ನಾನೇ ಮುಗ್ಗರಿಸುವಂತಾಯಿತು. ಮೈಯೆಲ್ಲ ಬೆವರು.

ಅಷ್ಟರಲ್ಲಿ ಪಕ್ಕದಲ್ಲೇ ಇರುವ ಮನೆ ಒಡತಿ ಮುನಿಯಮ್ಮಜ್ಜಿ ಬಂದರು. ಪಟ್ಟಂದೂರು ಅಗ್ರಹಾರದ ಹಳೇ ಕುಳ, ನಮ್ಮ ಮನೆಯ ಇನ್ನೊಂದು ಬೀಗದಕೈ ಅವರ ಸೊಂಟದಲ್ಲೇ ಇರುತ್ತದೆ. ನನ್ನ ಕಾಲು ನೋಡಿದ್ದೇ ಎರಡೂ ಕೈ ಮುಗಿದರು.

"ಅಯ್ಯೋ ಸಿವ್ನೇ, ಕಾಲ್ಗೆ ಜೀವ ಬಂದೈತೆ ಕಣಪ್ಪೋ! ಇಂಗೇ ಆಡ್ತಾ ಇದ್ರೆ ಯುಗಾದಿ ಒಳ್ಗೆ ಎದ್ದು ಓಡಾಡ್ತೀಯ!"

ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಮಾತು ಕೇಳಿ 'ಹೆಬ್ಬೆರಳೇ, ಒಂದು ಸಲ ಆಡು' ಎಂದು ನಾನೂ ಒಳಗೊಳಗೇ ಅಪ್ಪಣೆ ಕೊಟ್ಟೆ. ಅದು ಕ್ಯಾರೇ ಎನ್ನಲಿಲ್ಲ.

"ಅಜ್ಜಿ, ಆ ಸಾಕ್ಸ್ ಒಂಚೂರು ಬಿಚ್ಚಿ ನೋಡಿ."

"ಸುಮ್ಕಿರಪ್ಪಾ, ಈಗ ಅದನ್ನ ಮುಟ್ಬಾರ್ದು" ಎಂದು ಅಜ್ಜಿ ಗುಡಿಯಿಂದ ಆರತಿ ತರಲು ಓಡಿದರು. ಯಾಕೆ ಮುಟ್ಟಬಾರದು? ನನಗೆ ಇನ್ನೂ ಹೆದರಿಕೆಯಾಯಿತು. ಸರೋಜಾಳಿಗೆ ಫೋನ್ ಮಾಡಿದೆ.

ಹತ್ತಿರದ ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುವ ನನ್ನ ಹೆಂಡತಿ, ಗದಗ ಕಡೆಯವಳು, ಪರ್ಮಿಶನ್ ಹಾಕಿ ಓಡೋಡಿ ಬಂದಳು. ಸಾಕ್ಸ್ ಜಾರಿಸಿದವಳೇ ಚೀರಿದಳು. "ಏನ್ರೀ ಇದು! ದಾರ ಮಾಂಸದಾಗ ಹೂತೈತಿ!"

ಮುನೇಶ್ವರನ ಗುಡಿಯ ಕಪ್ಪು ದಾರ. ನಾನು ಕುರ್ಚಿಯಲ್ಲಿ ತೂಕಡಿಸುತ್ತಿದ್ದಾಗ ಅಜ್ಜಿ ಬಂದು, ಮಾತಾಡದೆ ಕಟ್ಟಬೇಕೆಂಬ ನೇಮದಂತೆ, ಸದ್ದಿಲ್ಲದೆ ಕಟ್ಟಿ ಸಾಕ್ಸ್ ಮೇಲೆಳೆದು ಹೋಗಿದ್ದರು. ಕೂತೂ ಕೂತೂ ಕಾಲು ಊದಿ ದಾರ ಒಳಗಿಳಿದಿತ್ತು. ಸರೋಜಾ ಅದನ್ನು ಕತ್ತರಿಸಿದಳು. ಚರ್ಮ ಒಡೆದಿರಲಿಲ್ಲ. ಕೆಂಪು ಗೆರೆ ಮಾಸುವವರೆಗೂ ಇಬ್ಬರೂ ಅದನ್ನೇ ನೋಡುತ್ತಿದ್ದೆವು. ಕಾಲಿನ ಒದೆತ ಮೆಲ್ಲಗೆ ನಿಂತಿತು.

ಆರತಿ ತಟ್ಟೆ ಹಿಡಿದು ಬಂದ ಅಜ್ಜಿ ವಿಷಯ ತಿಳಿದು ಅಲ್ಲೇ ಕುಸಿದು ಕೂತರು. "ಇಷ್ಟು ಬಿಗಿದ್ರೂ ನಿಂಗೆ ಒಸಿನೂ ಗೊತ್ತಾಗ್ಲಿಲ್ವೇನಪ್ಪಾ?" ಎಂದು ನನ್ನ ಪಾದ ಸವರುತ್ತಾ ಅತ್ತರು. ಆಮೇಲೆ ಸೆರಗಿನ ಗಂಟಿನಿಂದ ಇನ್ನೊಂದು ದಾರ ತೆಗೆದು, "ಅಂಗಾದ್ರೆ ಕೈಗಾದ್ರೂ ಕಟ್ಲಾ?" ಎಂದರು. ಸರೋಜಾ ನನ್ನನ್ನು ದುರುಗುಟ್ಟಿ ನೋಡಿದಳು. ದಾರ, ತಾಯಿತ ಎಂದರೆ ಮೂಗು ಮುರಿಯುವ ನಾನು ತೆಪ್ಪಗೆ ಕೈ ಚಾಚಿದೆ.

"ಅಜ್ಜಿ, ನೋಯ್ತಿದೆ" ಎಂದೆ. ಅವರು ಗಾಬರಿಯಿಂದ ಸಡಿಲಿಸಿದರು. ಹಾಗೆ ಹೇಳುವುದರಲ್ಲಿ ಎಷ್ಟು ಸುಖವಿತ್ತೆಂದರೆ, ನೋವು ನಿಂತ ಮೇಲೂ ಇನ್ನೊಂದು ಸಲ ಹೇಳಿದೆ.