ಸೂಜಿರಾಯನ ಸೀಸದ ದ್ವೀಪಗಳು

ಎಲ್ಲಾ ಆದದ್ದು ಒಂದು ಬಾಗಿಲಿನಿಂದ.

ಪ್ರಯೋಗಾಲಯದವರೆಲ್ಲ ಸೂಜಿರಾಯ ಎಂದೇ ಕರೆಯುತ್ತಿದ್ದ ನಮ್ಮ ಸಂಶೋಧಕ ಬೆಳಿಗ್ಗೆಯಿಂದ ಉಸಿರು ಬಿಗಿಹಿಡಿದು ಕೂತಿದ್ದ. ಸಿಲಿಕಾನ್ ಮೇಲೆ ಕಣ್ಣಿಗೆ ಕಾಣದಷ್ಟು ಚಿಕ್ಕ ಸೀಸದ ದ್ವೀಪಗಳು. ಅವುಗಳ ಮೇಲೆ, ಮುಟ್ಟಿಯೂ ಮುಟ್ಟದಂತೆ, ಯಂತ್ರದ ಸೂಜಿ. ವಿಪರೀತ ಚಳಿಯಲ್ಲಿ ಸೀಸ ತಡೆಯೇ ಇಲ್ಲದೆ ವಿದ್ಯುತ್ ಹರಿಸುತ್ತದೆ. ದ್ವೀಪ ಕಿರಿದಾದಂತೆ ಆ ಗುಣ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಅವನು ಸಂಜೆಯೊಳಗೆ ತನ್ನ ಗೈಡ್ ಮೇಷ್ಟ್ರಿಗೆ ತೋರಿಸಬೇಕಿತ್ತು. ಇಲ್ಲದಿದ್ದರೆ ನಾಳೆಯಿಂದ ಯಂತ್ರ ಪಕ್ಕದ ಕೋಣೆಯ ಹಿರಿಯ ಸಂಶೋಧಕಿ ಅಕ್ಕನ ಪಾಲು, ಅವನ ಪ್ರಬಂಧ ಇನ್ನೊಂದು ವರ್ಷ ಮುಂದಕ್ಕೆ.

ಅಕ್ಕನಿಗೋ ತಾಳ್ಮೆ ಕಡಿಮೆ. ಬಾಗಿಲನ್ನು ಧಡಾರನೆ ತಳ್ಳಿ, "ಆಯ್ತೇನಪ್ಪಾ?" ಎಂದಳು. ಯಂತ್ರ ನಡುಗಿತು. ಸೂಜಿ ದ್ವೀಪದೊಳಗೆ ಒಮ್ಮೆ ಕುಕ್ಕಿ ಮೇಲೆದ್ದಿತು.

"ಅಕ್ಕಾ, ನಿಮ್ಮ ದಮ್ಮಯ್ಯ, ಇವತ್ತೊಂದಿನ ಈ ಕಡೆ ಬರಬೇಡಿ."

"ಇಣುಕಿ ನೋಡಿದ್ದಕ್ಕೇ ಇಷ್ಟು ರಂಪಾನಾ?" ಎನ್ನುತ್ತಾ ಅವಳು ಹೋದಳು.

ಸೂಜಿರಾಯ ಅಷ್ಟಕ್ಕೆಲ್ಲ ಕುಗ್ಗುವ ಆಸಾಮಿಯಲ್ಲ. ಬೇರೆ ದ್ವೀಪಕ್ಕೆ ಸೂಜಿ ಸರಿಸಿದ. ಲಿಫ್ಟ್ ನಿಲ್ಲಿಸಿದ, ಕಾರಿಡಾರಿನಲ್ಲಿ ಎಲ್ಲರ ಬೂಟು ಕಳಚಿಸಿದ, ಕೆಮ್ಮುತ್ತಿದ್ದ ಕಾವಲುಗಾರನನ್ನು ಗೇಟಿನಾಚೆಗೆ ಅಟ್ಟಿದ. ಆಫೀಸಿನವರು ಮೆಟ್ಟಿಲು ಹತ್ತಿ ಬಂದು ಬಾಯಿಗೆ ಬಂದಂತೆ ಬೈದರು, ಪಿಸುಮಾತಿನಲ್ಲೇ.

ಆಮೇಲೆ ಪರದೆಯ ಮೇಲೆ ಬಂತು ನೋಡಿ, ಸೂಜಿ ಅಳೆದ ವಿದ್ಯುತ್ತಿನ ಗೆರೆ. ನಡುವೆ ಅಚ್ಚುಕಟ್ಟಾದ ಹೊಂಡ, ತಡೆಯಿಲ್ಲದ ಹರಿವಿಗೆ ಅದೇ ಸಾಕ್ಷಿ. ದೊಡ್ಡ ದ್ವೀಪದಲ್ಲೂ ಅದೇ ಹೊಂಡ, ಸಣ್ಣದರಲ್ಲೂ ಅದೇ, ತೀರಾ ಪುಟಾಣಿಯಲ್ಲೂ ಕೂದಲೆಳೆಯಷ್ಟು ಕುಂದಿಲ್ಲ. ಅಂದರೆ ಕಿರಿದಾದರೆ ಆ ಗುಣ ಹೋಗುತ್ತದೆ ಎಂದು ಪುಸ್ತಕಗಳಲ್ಲಿ ಬರೆದದ್ದೆಲ್ಲ ಸುಳ್ಳು. ಸೂಜಿರಾಯ ಖುಷಿ ತಡೆಯಲಾರದೆ ಹೆಂಡತಿಗೆ ಫೋನ್ ಮಾಡಿದ.

"ನಿನ್ನ ಗಂಡ ದೊಡ್ಡ ಮನುಷ್ಯ ಆಗ್ಬಿಟ್ಟ ಕಣೇ."

"ಆಗ್ಲಿ. ಬರ್ತಾ ಹಾಲು ತನ್ನಿ."

ಸಂಜೆ ಮೇಷ್ಟ್ರು ಬಂದರು, ಬೆನ್ನಿಗೇ ಅಕ್ಕ. ಮೇಷ್ಟ್ರು ಕನ್ನಡಕ ಏರಿಸಿ ಗೆರೆಗಳನ್ನೆಲ್ಲ ನೋಡಿದರು.

"ಚೆನ್ನಾಗಿದೆ. ಸೀಸ ಇಲ್ಲದ ಜಾಗದಲ್ಲಿ ಒಂದ್ಸಲ ನೋಡಿದ್ಯಾ?"

"ಅಲ್ಲೇನಿರುತ್ತೆ ಸಾರ್, ಬರೀ ಬಯಲು" ಎಂದು ಸೂಜಿರಾಯ ಧಾರಾಳವಾಗಿ ಸೂಜಿಯನ್ನು ಖಾಲಿ ಜಾಗಕ್ಕೆ ಸರಿಸಿದ. ಅಲ್ಲೂ ಅದೇ ಹೊಂಡ.

ಮೇಷ್ಟ್ರು ನಿಟ್ಟುಸಿರಿಟ್ಟರು. "ಸೂಜಿ ಎಲ್ಲೋ ಕುಕ್ಕಿ, ತುದಿಗೆ ಸೀಸ ಮೆತ್ಕೊಂಡಿದೆಯಪ್ಪಾ. ದಿನವೆಲ್ಲ ನೀನು ಅಳೆದಿದ್ದು ನಿನ್ನ ಸೂಜೀನೇ."

ಸೂಜಿರಾಯನಿಗೆ ಅಳುವೇ ಬಂತು. ಹಾಳು ಸೂಜಿಯನ್ನಾದರೂ ಕಿತ್ತೆಸೆಯೋಣವೆಂದು ಕೈಚಾಚಿದ.

"ಮುಟ್ಟಬೇಡ ಕಣೋ" ಎಂದಳು ಅಕ್ಕ. "ತುದೀಲಿ ಸೀಸ ಇರೋ ಇಂಥ ಸೂಜಿ ಮಾಡೋಕೆ ತಿಂಗಳುಗಟ್ಟಲೆ ಒದ್ದಾಡಿದೀನಿ. ನಾಳೆ ನನ್ನ ಪ್ರಯೋಗಕ್ಕೆ ಬೇಕಾಗಿರೋದೇ ಅದು. ಹಾಗೇ ಬಿಟ್ಟು ಮನೆಗೆ ಹೋಗು. ನನ್ನ ಪ್ರಬಂಧದ ಕೊನೇಲಿ ನಿನಗೊಂದು ಥ್ಯಾಂಕ್ಸ್ ಹಾಕ್ತೀನಿ."