ಇಬ್ಬರೂ ಒಬ್ಬರೇನಾ?

ಎಲ್ಲದಕ್ಕೂ "ಆಮೇಲೆ ನೋಡೋಣ" ಎನ್ನುತ್ತಿದ್ದುದರಿಂದ ಅವನಿಗೆ ಆಫೀಸಿನಲ್ಲೂ ಬೀದಿಯಲ್ಲೂ ಆಮೇಲಪ್ಪ ಎಂದೇ ಹೆಸರು. ಹಳೆಯ ಫೋಟೊ ಅಳಿಸುವುದನ್ನೂ ಹಾಗೆಯೇ ಮುಂದೂಡುತ್ತ ಬಂದಿದ್ದ. ಆ ಭಾನುವಾರ ಬೆಳಿಗ್ಗೆ ಅವನ ಫೋನು "ಜಾಗವಿಲ್ಲ" ಎಂದು ಮುಷ್ಕರ ಹೂಡಿತು.

"ಸಂಜೆ ನಮ್ಮಮ್ಮನ ಹುಟ್ಟುಹಬ್ಬ. ಅವರ ಫೋಟೊ ಎಲ್ಲಾ ಟಿ.ವಿ.ಯಲ್ಲಿ ಬರ್ಬೇಕು. ಇಲ್ಲಾಂದ್ರೆ ನಿಮ್ಮ ಹಳೇ ಕಂಪ್ಯೂಟರು ಗುಜರಿಗೆ!" ಎಂದಳು ಹೆಂಡತಿ.

ಅವನ ಅಮ್ಮನಿಗೂ ಅತ್ತೆಗೂ ಎಣ್ಣೆ ಸೀಗೆಕಾಯಿ. ಆಮೇಲಪ್ಪನ ನೆಮ್ಮದಿಯೆಲ್ಲ ಅದರಲ್ಲೇ ಇತ್ತು. ಒಬ್ಬರು ಅವನನ್ನು ಬೈದರೆ ಇನ್ನೊಬ್ಬರು ಹಠಕ್ಕೆ ಬಿದ್ದು ಅವನ ಪರ ವಹಿಸುತ್ತಿದ್ದರು.

ಫೋಟೊಗಳನ್ನೆಲ್ಲ ಮನೆಯ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳಲು ಯಾವ ತಂತ್ರಾಂಶ ಒಳ್ಳೆಯದೆಂದು ಸಹೋದ್ಯೋಗಿಯನ್ನು ಕೇಳಿದ್ದೇ ತಪ್ಪಾಯಿತು. ಅವನು ಓಡಿ ಬಂದ. ಸದ್ದು ಕೇಳಿ ಮಹಡಿ ಮನೆಯ ಎಲೆಕ್ಟ್ರಿಷಿಯನ್ನೂ ಇಳಿದು ಬಂದ.

"ನಾನು ಹೇಳೋದು ಹಾಕಿ ಸಾರ್. ತಾರೀಖಿನ ಪ್ರಕಾರ ಜೋಡಿಸುತ್ತೆ" ಎಂದ ಸಹೋದ್ಯೋಗಿ.

ಹಾಕಿದರು. ಹಳೆಯ ಕ್ಯಾಮರಾದಲ್ಲಿ ತಾರೀಖು ಸರಿಪಡಿಸುವುದನ್ನೂ ಆಮೇಲಪ್ಪ ಆಮೇಲೆಂದು ಬಿಟ್ಟಿದ್ದರಿಂದ, ಅವನ ಮದುವೆಯೂ ಮಗಳ ಶಾಲಾ ನಾಟಕವೂ ಒಂದೇ ದಿನ ನಡೆದುಹೋದವು.

"ತಾರೀಖು ಕಟ್ಕೊಂಡು ಏನ್ರೀ ಮಾಡ್ತೀರಾ? ನಂದು ಮುಖ ಗುರುತು ಹಿಡಿಯುತ್ತೆ!" ಎಂದ ಎಲೆಕ್ಟ್ರಿಷಿಯನ್. ಅದನ್ನೂ ಹಾಕಿದರು.

ಮುಖಗಳಿಗೆ ಹೆಸರು ಕೊಡಬೇಕಿತ್ತು. ಹೆಂಡತಿ ಅವನ ಅಮ್ಮನ ಮುಖಕ್ಕೆ "ಅತ್ತೆ" ಎಂದು ಬರೆದು ಒಳಗೆ ಹೋದಳು. ಆಮೇಲಪ್ಪ ಬಂದು ಅವಳ ಅಮ್ಮನ ಮುಖಕ್ಕೆ "ಅತ್ತೆ" ಎಂದು ಬರೆದ. ಪರದೆ ಎರಡು ಪುಟ್ಟ ಮುಖ ತೋರಿಸಿ ಕೇಳಿತು: "ಇಬ್ಬರೂ ಒಬ್ಬರೇನಾ?" ಕೆಳಗೆ ಎರಡು ಗುಂಡಿ, "ಹೌದು" ಮತ್ತು "ಆಮೇಲೆ".

"ಇಲ್ಲೂ ಆಮೇಲೆ ಅನ್ಬೇಡಿ ಸಾರ್!" ಎಂದು ಸಹೋದ್ಯೋಗಿ ನಕ್ಕ.

ಆಮೇಲಪ್ಪನಿಗೆ ರೋಷ ಬಂತು. ಕನ್ನಡಕ ಆಮೇಲೆ ಹುಡುಕಿದರಾಯಿತೆಂದು, ಹುಟ್ಟಿದ ಮೇಲೆ ಮೊದಲ ಸಲ, "ಹೌದು" ಒತ್ತಿಯೇಬಿಟ್ಟ.

ಸಂಜೆ ಟಿ.ವಿ.ಯಲ್ಲಿ ದೊಡ್ಡಕ್ಷರದ "ಅತ್ತೆ" ಮೂಡಿತು. ಮೊದಲು ಅತ್ತೆಯ ನಗುಮುಖ. ಮುಂದಿನದು ಸೀನುತ್ತಿರುವ ಅಮ್ಮ. ಮತ್ತೆ ಅತ್ತೆ. ಮತ್ತೆ ಬಾಯಿ ತೆರೆದು ನಿದ್ದೆ ಹೋದ ಅಮ್ಮ.

"ಇವರು ನಾನಾ?" ಎಂದರು ಅತ್ತೆ.

"ನಾನು ಇವರಾ?" ಎಂದರು ಅಮ್ಮ.

ಆಮೇಲಪ್ಪ ಆಸೆಯಿಂದ ಅಮ್ಮನ ಕಡೆ ಸರಿದ.

"ಹೆತ್ತ ತಾಯಿಯ ಗುರುತು ಸಿಗಲ್ವೇನೋ ನಿಂಗೆ?" ಎಂದು ಅಮ್ಮ ಗದರಿದರು.

"ಸರಿಯಾಗಿ ಹೇಳಿದ್ರಿ ನೋಡಿ!" ಎಂದರು ಅತ್ತೆ.

"ಚಿಕ್ಕೋನಿದ್ದಾಗಲೂ ಹೀಗೇ ರೀ ಇವನು. ಬನ್ನಿ, ಪಕ್ಕದಲ್ಲಿ ಕೂತ್ಕೊಳ್ಳಿ, ಎಲ್ಲಾ ಹೇಳ್ತೀನಿ."

ತಂತ್ರಾಂಶದಲ್ಲಿ "ಬೇರ್ಪಡಿಸು" ಎಂಬ ಗುಂಡಿಯೂ ಇತ್ತು. ಆಮೇಲಪ್ಪ ತಡಮಾಡದೆ ಒತ್ತಿದ. ಟಿ.ವಿ.ಯಲ್ಲಿ ಇಬ್ಬರೂ ಬೇರೆಯಾದರು. ಸೋಫಾದಲ್ಲಿ ಆಗಲಿಲ್ಲ.